ಹೊಟ್ಟಿನ ಒಲೆಯ ಬಾಟಲಿ

ಜನವರಿ 18, ಭಾನುವಾರ

ಇವತ್ತೂ ಬಚ್ಚಲಿನ ಹೊಟ್ಟಿನ ಒಲೆ ಕುಸಿಯಿತು. ದರಿದ್ರದ್ದು.

ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಕಾಫಿ ಹೊಟ್ಟು ಒತ್ತೊತ್ತಿ ಗಿಡಿದು, ಬಾಟಲಿಯನ್ನು ಮೆಲ್ಲಗೆ ಎತ್ತಿದರೆ ಬೆಂಕಿಗೆ ದಾರಿ ಉಳಿಯಬೇಕು. ಅದು ಇಬ್ಬರ ಕೆಲಸ. ಇಷ್ಟು ವರ್ಷ ಬಾಟಲಿ ಹಿಡಿದವಳು ನಾನು, ಹೊಟ್ಟು ಗಿಡಿದವರು ಓರಗಿತ್ತಿ ಸುನಂದಕ್ಕ. ದೀಪಾವಳಿ ಕಳೆದ ಮೇಲೆ ಮನೆ ಹಿಸ್ಸೆಯಾಗಿ, ಬಚ್ಚಲ ನಡುವೆ ಗೋಡೆ ಎದ್ದಿತು. ಜಗಳ ಅಣ್ಣತಮ್ಮಂದಿರದು, ಮಾತು ನಿಂತಿದ್ದು ನಮ್ಮಿಬ್ಬರದೂ.

"ಗೀಸರ್ ಹಾಕಿಸ್ತೀನಿ ಮಾರಾಯ್ತಿ, ಆ ಹೊಟ್ಟು ತೋಟಕ್ಕೆ ಹಾಕು" ಎಂದರು ಇವರು. ಗೀಸರ್ ಅಂತೆ! ಇವರಿಗೇನು ಗೊತ್ತು.

ಸಂಜೆ ಬಾಟಲಿಯನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಮತ್ತೆ ಗಿಡಿಯತೊಡಗಿದೆ. ಗೋಡೆಯಾಚೆಯೂ ದಬ್ ದಬ್ ಸದ್ದು ಕೇಳಿಸಿತು. ಭಾವ ಕಳಸಕ್ಕೆ ಹೋಗಿದ್ದಾರೆ, ಆಚೆ ಇದ್ದವರು ಅಕ್ಕ ಒಬ್ಬರೇ. ಇದ್ದಕ್ಕಿದ್ದಂತೆ ಹಳೇ ದನಿಯಲ್ಲಿ ರೇಗಿದರು: "ವಾಲ್ತಾ ಇದೆ, ನೆಟ್ಟಗೆ ಹಿಡಿಯೇ!"

ಮರುಕ್ಷಣ ಆ ಕಡೆಯ ದಬ್ ದಬ್ ನಿಂತಿತು.

ನಾನು ಈ ಕಡೆ ಬಾಟಲಿಯನ್ನು ನೆಟ್ಟಗೆ ಹಿಡಿದೆ.