ಕಟೌಟಿನ ಅಡಿಯ ಬಣ್ಣ

ಪ್ರೀತಿಯ ಭಾವ,

ನವರಾತ್ರಿಗೆ ಮುಂಚೆ ನೀನು ಅಂಗಳದಲ್ಲಿ ಚಾಪೆ ಹಾಸಿ, ನಾವಿಬ್ಬರೂ ಸೇರಿ ಬಾಡಿಗೆಗೆ ಓಡಿಸುತ್ತಿದ್ದ ಕಾರಿನ ಸಾಮಾನು ಬಿಚ್ಚಿಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ. ಆಯುಧಪೂಜೆಗೆ ಆ ಹಳೇ ಕಾರಿಗೆ ಹೊಸ ಬಣ್ಣವಾಗಬೇಕಿತ್ತು. ಹೊರಗಷ್ಟೇ ಬಳಿದು ಕೈತೊಳೆದುಕೊಳ್ಳುವ ಸೋಮಾರಿ ನೀನು. ಅಕ್ಕ ಬಿಡಬೇಕಲ್ಲ. "ಪೂಜೆ ಮಾಡೋ ಗಾಡಿ, ಬಾನೆಟ್ಟಿನ ಒಳಗೂ ಹೊಡೀರಿ. ಅರ್ಧಂಬರ್ಧ ಮಾಡಡಿ" ಎಂದಳು. ಹೆಂಡತಿಯ ಮಾತನ್ನು ನೀನು ಯಾವತ್ತು ತೆಗೆದುಹಾಕಿದ್ದೆ? ಡೈನಮೋದ ಕರೆಂಟನ್ನು ಬ್ಯಾಟರಿಗೆ ಬಿಡುವ ಕಟೌಟಿನ ಡಬ್ಬಿಯನ್ನೂ ಬಿಚ್ಚಿ, ಅದರ ಅಡಿಗೆಲ್ಲ ದಪ್ಪಗೆ ಬಳಿದು ಮತ್ತೆ ಕೂರಿಸಿದೆ.

ಹಬ್ಬ ಕಳೆದದ್ದೇ ಬ್ಯಾಟರಿ ಇಳಿಯತೊಡಗಿತು, ನೆನಪಿದೆಯೇ? ಸಿರ್ಸಿಯಲ್ಲಿ ಚಾರ್ಜ್ ಮಾಡಿಸಿ ತಂದರೆ ಸಿದ್ದಾಪುರಕ್ಕೊಮ್ಮೆ ಹೋಗಿಬರುವಷ್ಟರಲ್ಲಿ ಸುಸ್ತು. ಬೆಲ್ಟ್ ಬಿಗಿ ಮಾಡಿದೆವು. ಡೈನಮೋದ ಒಳಗಿನ ಬ್ರಷ್ ಬದಲಿಸಿದೆವು. ಡೈನಮೋವನ್ನೇ ಗ್ಯಾರೇಜಿಗೆ ಹೊತ್ತೆವು; ಅದು ಸರಿಯಾಗಿಯೇ ಇದೆ ಎಂದರು. ಹಾಗಾದರೆ ಬ್ಯಾಟರಿಯದೇ ದೋಷವೆಂದು ಇಬ್ಬರೂ ಸೇರಿ ಅದನ್ನು ಬೈದೆವು. ಕೊನೆಗೆ, ನೂಕಿದರಾದರೂ ಹತ್ತಲಿ ಎಂದು ನೀನು ಕಾರನ್ನು ಇಳಿಜಾರಿನಲ್ಲೇ ನಿಲ್ಲಿಸತೊಡಗಿದೆ.

ಆ ಬೆಳಿಗ್ಗೆ ನೀನು ಎದೆ ಹಿಡಿದುಕೊಂಡು ಜಗಲಿಯಲ್ಲಿ ಕುಸಿದೆ. ನಮ್ಮ ಹುಲೇಕಲ್ಲಿನಿಂದ ಸಿರ್ಸಿಯ ಆಸ್ಪತ್ರೆ ಅವತ್ತಿನಷ್ಟು ದೂರ ಎಂದೂ ಅನಿಸಿರಲಿಲ್ಲ. ನಿನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನಾನು ಕಾರನ್ನು ಇಳಿಜಾರಿಗೆ ಬಿಟ್ಟೆ. ಬ್ಯಾಟರಿಯಲ್ಲಿ ಒಂದು ಕಿಡಿಗಾಗುವಷ್ಟೂ ಜೀವ ಉಳಿದಿರಲಿಲ್ಲ. ಕಾರು ತಗ್ಗಿಗೆ ಹೋಗಿ ಸುಮ್ಮನೆ ನಿಂತಿತು. "ಹೊರಡ್ತಾ?" ಎಂದು ಕೇಳಿದೆಯಲ್ಲ ನೀನು. "ಹೊರಡ್ತು, ಈಗ ಹೊರಡ್ತು" ಎಂದೆ ನಾನು. ಎತ್ತಿನಗಾಡಿ ಹೂಡಿಸಿ ತರುವಷ್ಟರಲ್ಲಿ...

"ಆ ಕಾರೇ ಅವ್ರ ಕೊಂದಿದ್ದು. ಮಾರಿಬಿಡು" ಎಂದು ಅಕ್ಕ ಹಟ ಹಿಡಿದಳು. ಯಲ್ಲಾಪುರದವರೊಬ್ಬರು ಒಪ್ಪಿದರು. ಅವರಿಗಾದರೂ ಸರಿಯಾದ ಕಾರು ಸಿಗಲೆಂದು ಬ್ಯಾಟರಿ ಚಾರ್ಜ್ ಮಾಡಿಸಿ ತಂದು, ನಾನು ಮತ್ತೆ ಬಾನೆಟ್ಟು ಎತ್ತಿದೆ. ಎಂಜಿನ್ ಓಡುತ್ತಿದ್ದಾಗ ಕಟೌಟಿನ ಡಬ್ಬಿಯಿಂದ ಕಾರಿನ ಬಾಡಿಗೊಂದು ತಂತಿ ತಾಗಿಸಿದ್ದೇ, ಸತ್ತಂತೆ ಮಲಗಿದ್ದ ಚಾರ್ಜ್ ಮೀಟರಿನ ಮುಳ್ಳು ಎದ್ದಿತು. ಡಬ್ಬಿ ಬಿಚ್ಚಿದೆ. ಅಡಿಯಲ್ಲಿ ನೀನು ಬಳಿದ ಬಣ್ಣ. ಅದು ಅಡ್ಡವಾಗಿ, ಡಬ್ಬಿಯ ಕಬ್ಬಿಣ ಬಾಡಿಯ ಕಬ್ಬಿಣಕ್ಕೆ ತಾಗದೆ ಕಟೌಟಿಗೆ ಅರ್ತಿಂಗೇ ಇರಲಿಲ್ಲ; ಬ್ಯಾಟರಿಗೆ ಕರೆಂಟೇ ಹೋಗುತ್ತಿರಲಿಲ್ಲ, ಭಾವ. ಅಷ್ಟೇ. ಚಾಕುವಿನಿಂದ ಕೆರೆಯುತ್ತ ಕೆರೆಯುತ್ತ ಬಿಕ್ಕಿ ಬಿಕ್ಕಿ ಅತ್ತೆ.

ಎಂಜಿನ್ನಿನ ಸದ್ದಿಗೆ ಅಕ್ಕ ಹೊರಗೆ ಬಂದು ನಿಂತಿದ್ದಳು. "ಎಂತ ಆಗಿತ್ತೋ ಅದಕ್ಕೆ?" ಎಂದು ಕೇಳಿದಳು.

"ಡೈನಮೋ ಹಳತಾಗಿತ್ತು ಅಕ್ಕಾ. ಬೇರೆ ಎಂತದೂ ಇಲ್ಲೆ" ಎಂದೆ.

ನಾಳೆ ಕಾರು ಯಲ್ಲಾಪುರಕ್ಕೆ ಹೋಗುತ್ತದೆ. ಈ ಸಂಗತಿ ನಿನಗೊಬ್ಬನಿಗೆ. ಬದುಕಿರುವಷ್ಟು ದಿನ ಅಕ್ಕ ಆ ಕಾರನ್ನೇ ಶಪಿಸಲಿ. ಕಾರು ನಿಂತದ್ದು ತಾನು ಹೊಡೆಸಿದ ಬಣ್ಣದಿಂದ ಎಂಬುದು ಅವಳ ತಲೆಗೆ ಹೋಗಲು ನಾನು ಬಿಡುವುದಿಲ್ಲ.