ಸೊಟ್ಟಗಾದ ಬೆಲ್ಟು, ಉಳಿದ ಗೆರೆ

ನಮ್ಮ ಮನೆಯವರಿಗೆ,

ರೀ, ನಿಮ್ಮ ಗರಗಸದ ಮಷೀನು ಮತ್ತೆ ತಿರುಗಿತು! ಮೊದಲು ಅದನ್ನೇ ಹೇಳಿಬಿಡುತ್ತೇನೆ. ಕಥೆ ಪೂರ್ತಿ ಕೇಳುವ ತಾಳ್ಮೆ ನಿಮಗೆ ಯಾವಾಗ ಇತ್ತು?

ನೀವು ನಮ್ಮನ್ನೆಲ್ಲ ಬಿಟ್ಟು ಹೋದಮೇಲೆ ಧನಕವಡಿಯ ಶೆಡ್ಡಿನ ಬೀಗ ತೆಗೆಯಲು ಮನಸ್ಸೇ ಬರಲಿಲ್ಲ. ಮಳೆಗಾಲವೆಲ್ಲ ಮಷೀನು ನಿಂತೇ ಇತ್ತು. ದಸರೆಯ ಪೂಜೆಗೆಂದು ತೆರೆದಾಗ ನಿಮ್ಮ ತಮ್ಮ ಗುರುರಾಜ ಸ್ವಿಚ್ ಒತ್ತಿದ. ಅಬ್ಬಾ! ಧಡ್ ಧಡ್ ಎಂದು ಮೇಜೆಲ್ಲ ಕುಣಿಯಿತು. "ವೈನಿ, ಮೋಟರ್ ಹೋಗ್ಯದ್ರಿ. ನಾಳೆ ಗುಜರಿಯವನ್ನ ಕರಸ್ತೀನಿ" ಎಂದ. ಒಳ್ಳೆಯವನೇ, ಆದರೆ ಭಾರಿ ಅವಸರದವನು. ಮಷೀನು ಹೋದರೆ, ನನ್ನ ಮಣೆಗೆಂದು ನೀವು ಗೆರೆ ಹಾಕಿ ಕೊಯ್ಯದೇ ಬಿಟ್ಟ ಆ ತೇಗದ ಹಲಗೆ...

ಹಿಂದೆ ನನ್ನ ಹೊಲಿಗೆ ಯಂತ್ರ ಕಟಕಟ ಅಂದಾಗ ನೀವು ಹೇಳಿದ್ದು ನೆನಪಾಯಿತು: "ಪಟ್ಟಾ ಬಿಚ್ಚು. ಒಂದೊಂದ ಚಕ್ರ ಬ್ಯಾರೆ ಬ್ಯಾರೆ ತಿರಗಿಸು. ಕಳ್ಳ ತಾನ ಸಿಗ್ತಾನ." ಪ್ಲಗ್ ಕಿತ್ತು ಬೆಲ್ಟು ಬಿಡಿಸಿದೆ. ಗರಗಸವನ್ನು ಕೈಯಿಂದ ತಿರುಗಿಸಿದರೆ ಸದ್ದಿಲ್ಲ. ಮತ್ತೆ ಪ್ಲಗ್ ಹಾಕಿ ಮೋಟಾರೊಂದನ್ನೇ ಚಾಲೂ ಮಾಡಿದರೆ ಅದಕ್ಕೂ ಒಂದಿಷ್ಟು ನಡುಕವಿಲ್ಲ!

ನೆಲದ ಮೇಲಿಟ್ಟ ಬೆಲ್ಟನ್ನು ಆಗ ನೋಡಿದೆ. ಎರಡು ತುದಿಯಲ್ಲಿ ಬಾಗಿ, ನಡುವೆ ನೆಟ್ಟಗೆ, ಚಕ್ರಗಳ ಮೇಲೆ ಹೇಗೆ ನಿಂತಿತ್ತೋ ಹಾಗೆಯೇ ಸೆಟೆದುಕೊಂಡಿತ್ತು. ಒತ್ತಿ ಬಿಟ್ಟರೆ ಮತ್ತೆ ಅದೇ ಆಕಾರ. ಮೇಜು ಕುಣಿಸಿದ ಕಳ್ಳ ಸಿಕ್ಕಿದ್ದ. ನೀವು ಕೊನೆಯ ಸಲ ಸ್ವಿಚ್ ಆರಿಸಿದ ಗಳಿಗೆಯ ಆಕಾರ! ಇಷ್ಟು ವರ್ಷ ಓಡಿದ್ದನ್ನು ಮರೆತು, ನಿಂತದ್ದನ್ನೇ ಹಿಡಿದುಕೊಳ್ಳುತ್ತದೆಯೇ ರಬ್ಬರು? ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಬೆಲ್ಟನ್ನು ಒಯ್ದು ತೋರಿಸಿದರೆ ಅಂಗಡಿಯವನು ಮರಾಠಿಯಲ್ಲಿ "ಕಾಕು, ಹಾ ಅಜೂನ್ ಚಾಂಗಲಾ ಆಹೇ" ಎಂದು ಹಳೆಯದನ್ನೇ ಹೊಗಳಿದ. ಇನ್ನೂ ಚೆನ್ನಾಗಿದೆಯಂತೆ! ನಾನು ಕೇಳಲಿಲ್ಲ, ಅದೇ ಅಳತೆಯ ಹೊಸದನ್ನು ತಂದೆ. ಹಾಕುವಾಗ ಇನ್ನೊಂದು ಬೆರಗು. ಬೆಲ್ಟು ಬಿಗಿ ಮಾಡುವ ಬೋಲ್ಟು ಹುಡುಕಿದರೆ, ಇಲ್ಲವೇ ಇಲ್ಲ. ಮೋಟಾರು ಒಂದು ತಿರುಗುವ ಕೀಲಿನಿಂದ ಜೋತುಬಿದ್ದಿದೆ. ಅದರ ಭಾರವೇ ಬೆಲ್ಟನ್ನು ಎಳೆದು ಹಿಡಿಯುತ್ತದೆ. ಗುರುರಾಜ ಮೋಟಾರು ಎತ್ತಿ ಹಿಡಿದ, ನಾನು ಬೆಲ್ಟು ಸಿಕ್ಕಿಸಿದೆ, ಅವನು ಮೆಲ್ಲಗೆ ಕೈ ಬಿಟ್ಟ. ಅಷ್ಟೇ! ಇದನ್ನು ಯೋಚಿಸಿದ ಪುಣ್ಯಾತ್ಮ ಯಾರಿರಬಹುದು, ರೀ?

ಈ ಸಲ ಮೇಜು ಅಲುಗಲಿಲ್ಲ. ಗುರುರಾಜ ತಾನಾಗಿಯೇ ಗುಜರಿಯವನಿಗೆ ಫೋನ್ ಮಾಡಿ "ಬರಬ್ಯಾಡ್ರಿ" ಎಂದ.

ಹಲಗೆಯ ಆ ತುದಿ ನಾನು ಹಿಡಿದಾಗಲೆಲ್ಲ ನೀವು ಕೂಗುತ್ತಿದ್ದಿರಲ್ಲ, "ಗೆರಿ ಉಳೀಬೇಕು, ಗೆರಿ!" ಎಂದು? ಗರಗಸ ಗೆರೆಯ ಹೊರಗೇ ಹಾಯಬೇಕು, ಗೆರೆಯನ್ನು ತಿನ್ನಬಾರದು ಅಂತ. ಇವತ್ತು ಆ ತುದಿಯನ್ನು ಗುರುರಾಜ ಹಿಡಿದ. ಈ ತುದಿಯಲ್ಲಿ, ನಿಮ್ಮ ಜಾಗದಲ್ಲಿ, ನಾನು ನಿಂತೆ. ಕೂಗಿದವಳೂ ನಾನೇ. ಮಣೆ ಕೊಯ್ದಾಯಿತು, ರೀ. ಅಂಚಿನುದ್ದಕ್ಕೂ ನಿಮ್ಮ ಪೆನ್ಸಿಲ್ ಗೆರೆ ಹಾಗೆಯೇ ಉಳಿದಿದೆ. ಅಷ್ಟು ಭಾಗಕ್ಕೆ ನಾನು ಮರ ಉಜ್ಜುವ ಪಾಲಿಶ್ ಕಾಗದ ತಾಗಿಸುವುದಿಲ್ಲ.

ನಿಮ್ಮ
ಸುಮಿತ್ರಾ