ಮಾರ್ಲಿಸ್ ತಂದ ಕಾನೂನು

ಟಾಮರಾಕ್ ಲೇಕ್
ಮಾರ್ಚ್ 14, 2016

ಪ್ರೀತಿಯ ಮಾರ್ಲಿಸ್,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ. ಕೈ ನಡುಗುತ್ತದೆ, ಕನ್ನಡಕ ಸರಿಯಿಲ್ಲ ಎಂದೆಲ್ಲ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಸಿಟ್ಟಿತ್ತು. ಕ್ಷಮಿಸು. ನೀನೂ ನಿನ್ನ ಯಜಮಾನ ಗೋರ್ಡನ್ನೂ ಸೌಖ್ಯವೆಂದು ನಂಬಿದ್ದೇನೆ. ಇಲ್ಲಿ ಸರೋವರ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿದೆ. ಪಕ್ಕದ ಮನೆಯ ರೂಬೆನ್ ದಿನವೂ ಮಂಜು ಕೊರೆದು ಮೀನಿಗೆ ಕೂರುತ್ತಾನೆ, ಬರಿಗೈಯಲ್ಲಿ ಬಂದು ನನ್ನ ಏಲಕ್ಕಿ ಬ್ರೆಡ್ಡು ಮುಗಿಸಿ ಹೋಗುತ್ತಾನೆ.

ನಿನ್ನೆ ಶೆರಿ ನಿಯೆಮಿ ಬಂದಿದ್ದಳು. ಹೋದ ಬೇಸಿಗೆ ನಮ್ಮ ಶಾಲೆ ಮುಚ್ಚಿದ ಮೇಲೆ ಅವಳ ಮಗಳು ಟೆಸ್ಸಾ ಇಪ್ಪತ್ತೆರಡು ಮೈಲಿ ಬಸ್ಸಿನಲ್ಲಿ ಹೋಗಿ ಕಲಿಯುತ್ತಿದ್ದಾಳಲ್ಲ. "ಬೆಳಿಗ್ಗೆ ಆರಕ್ಕೇ ಎಬ್ಬಿಸ್ಬೇಕು, ಪಾಪ ಅನ್ಸತ್ತೆ," ಅಂದಳು. "ಆದ್ರೆ ಮೊನ್ನೆ ತಿಂಡಿ ತಿನ್ತಾ ಸಿರಪ್ ಡಬ್ಬಿ ಮೇಲಿರೋದನ್ನ ಪೂರ್ತಿ ಓದಿಬಿಟ್ಲು. ಅವಳಪ್ಪ ಕಾಫಿ ಕೆಳಗಿಟ್ಟು ಹೊರಗೆ ಎದ್ದು ಹೋದ. ಅಳ್ತಾ ಇದ್ದ." ಶೆರಿ ಹೋದಮೇಲೆ ಈ ಕಾಗದ ತೆಗೆದುಕೊಂಡೆ.

ಹಿಂದೆ ಜಿಲ್ಲೆಯ ಶಾಲಾ ಮಂಡಳಿಯವರು ಮೊದಲ ಸಲ ನಮ್ಮೂರ ಶಾಲೆ ಮುಚ್ಚಿದ ವರ್ಷ ನಿನಗೆ ನೆನಪಿರಬೇಕು. ಊರವರೇ ಸೇರಿ, ಶಾಲೆ ನಾವೇ ನಡೆಸಲು ಸರ್ಕಾರದ ಪರವಾನಗಿ, ಅಂದರೆ ಚಾರ್ಟರ್, ಪಡೆದು ಅದೇ ಕಟ್ಟಡದಲ್ಲಿ ಮತ್ತೆ ಬಾಗಿಲು ತೆರೆದೆವು. ಸರ್ಕಾರದ ಖರ್ಚು, ನಮ್ಮ ಆಡಳಿತ. ನಿವೃತ್ತಳಾಗಿದ್ದ ನಾನು ಮುಖ್ಯಸ್ಥೆಯಾದೆ, ನೀನು ಬಸ್ ಓಡಿಸಿದೆ. ಮುಂದೆ ನೀನು ಚುನಾವಣೆ ಗೆದ್ದು ಶಾಸನಸಭೆಗೆ ಹೋದಾಗ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ: "ನಮ್ಮ ಹುಡುಗಿ ಅಲ್ಲಿದಾಳೆ, ಇನ್ನು ನಮ್ಮ ಶಾಲೆಗೆ ಯಾರ ಭಯ?"

ಆಮೇಲೆ ನೀನೇ ಆ ಮಸೂದೆ ತಂದೆ. ಚಾರ್ಟರ್ ಕೊಡುವ ಮೊದಲು ಸರಿಯಾಗಿ ಪರೀಕ್ಷಿಸಬೇಕು, ಮಕ್ಕಳು ಎಷ್ಟು ಕಲಿತರೆಂದು ವರ್ಷವರ್ಷವೂ ಊರಿಗೆ ತಿಳಿಸಬೇಕು, ಸತತ ಮೂರು ವರ್ಷ ಕಲಿಕೆಯಲ್ಲಿ ಹಿಂದುಳಿದ ಶಾಲೆಗೆ ನವೀಕರಣವಿಲ್ಲ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳಿಗೆ ವಿನಾಯಿತಿ ಬೇಕೆಂದು ಇನ್ನೊಬ್ಬರು ತಿದ್ದುಪಡಿ ತಂದರು. ಅದರ ಪರವಾಗಿ ಸಮಿತಿಯೆದುರು ಮಾತಾಡಲು ನಾನು ಇನ್ನೂರು ಮೈಲಿ ದಾಟಿ ರಾಜಧಾನಿಗೆ ಬಂದೆ. ಚೆನ್ನಾಗಿಯೇ ಮಾತಾಡಿದೆ. ಗಣಿ ಮುಚ್ಚಿದ ಊರಿಗೆ ಶಾಲೆಯೊಂದೇ ಉಳಿದಿದೆ ಎಂದಾಗ ಸಮಿತಿಯಲ್ಲಿ ಒಬ್ಬರು ಕಣ್ಣೊರೆಸಿಕೊಂಡರು.

ನೀನು ಮೈಕ್ ಹತ್ತಿರ ಎಳೆದುಕೊಂಡೆ. "ಟೀಚರ್, ಒಂದೇ ಒಂದು ಕೇಳ್ತೀನಿ. ನಿಮ್ಮ ಮೂರನೇ ಕ್ಲಾಸಲ್ಲಿ ಹನ್ನೊಂದು ಮಕ್ಕಳಿದಾರೆ. ಓದೋಕೆ ಬರೋರು ಎಷ್ಟು ಜನ?"

"ಎಲ್ಲರೂ ಸಂತೋಷವಾಗಿದಾರೆ," ಅಂದೆ.

"ಅದು ನಂಗೂ ಗೊತ್ತು. ಓದೋರು ಎಷ್ಟು?"

"ನಾಲ್ಕು."

ತಿದ್ದುಪಡಿ ಒಂದೇ ಮತದಿಂದ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬಾಯಿಗೆ ಬಂದಂತೆ ನಿನ್ನನ್ನು ಬೈದೆ.

ಕಾನೂನು ಬಂತು, ಪರಿಶೀಲನೆಯವರು ಬಂದರು, ಆ ಬೇಸಿಗೆ ಬೀಗ ಬಿತ್ತು. ಅದೇ ಕಾನೂನಿನಲ್ಲಿ ನೀನು ಇನ್ನೊಂದು ಕಲಮು ಸೇರಿಸಿದ್ದೆ: ಶಾಲೆ ಮುಚ್ಚುವುದಾದರೆ ಪ್ರತಿ ಮನೆಯವರ ಜೊತೆ ಕೂತು, ಪ್ರತಿ ಮಗುವಿಗೂ ಬೇರೆ ಕಡೆ ಜಾಗ ಖಾತ್ರಿ ಮಾಡಿಕೊಡಬೇಕು. ಆ ಕೆಲಸ ಇಲಾಖೆಯವರದ್ದು. ಆದರೂ ಆರು ಶನಿವಾರ ನೀನೇ ಬಂದು ನಮ್ಮ ಶಾಲೆಯ ಆಟದ ಹಾಲ್‌ನಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತೆ. ನಿನ್ನನ್ನು ಕಂಡು ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ವಾರ ರೂಬೆನ್ ಬಾಗಿಲಲ್ಲೇ ನಿಂತು ಕೂಗಿದ: "ಊರು ಮುಳುಗಿಸಿ ಈಗ ದೋಣಿ ತಂದಿದೀಯೇನೇ?"

"ಹೌದು ರೂಬೆನ್, ತಂದಿದೀನಿ. ನಿನ್ನ ಮೊಮ್ಮಗಳನ್ನ ಹತ್ತಿಸು. ಆಮೇಲೆ ನನ್ನ ಬೈ, ಎಷ್ಟು ಹೊತ್ತಾದ್ರೂ ಕೂತು ಕೇಳ್ತೀನಿ."

ಅವನು ಬೈದ. ನೀನು ಕೇಳಿದೆ. ಬೈದು ಮುಗಿಸಿ ಅರ್ಜಿಗೆ ಸಹಿ ಹಾಕಿದ. ನಾನು ಹಾಲ್‌ನ ಇನ್ನೊಂದು ತುದಿಯಲ್ಲಿ ಪುಸ್ತಕ ಜೋಡಿಸುವ ನಾಟಕವಾಡುತ್ತ ಎಲ್ಲವನ್ನೂ ನೋಡಿದೆ. ಒಂದು ಲೋಟ ಕಾಫಿ ಸಹ ತಂದುಕೊಡಲಿಲ್ಲ. ಅರವತ್ತೆಂಟು ಮಕ್ಕಳಲ್ಲಿ ಒಬ್ಬರೂ ಬೀದಿಗೆ ಬೀಳದ ಹಾಗೆ ನೀನು ನೋಡಿಕೊಂಡೆ. ಬರುವ ನವೆಂಬರಿನ ಚುನಾವಣೆಯಲ್ಲಿ ಈ ಊರಿನ ಮತ ಅರ್ಧಕ್ಕರ್ಧ ಕಳೆದುಕೊಳ್ಳುತ್ತೀಯೆಂದು ನಿನಗೂ ಗೊತ್ತು. ಆದರೂ ಮಾಡಿದೆ. ನನ್ನ ನಲವತ್ತು ವರ್ಷದ ಮೇಷ್ಟರಿಕೆಯಲ್ಲಿ ಅಂಥ ಎದೆಗಾರಿಕೆ ನನಗೆ ಒಂದು ದಿನವೂ ಬರಲಿಲ್ಲ.

ಸುಖವಾಗಿರು. ಗೆದ್ದರೂ ಸೋತರೂ ನಿನ್ನ ತಲೆ ಹೀಗೇ ನೆಟ್ಟಗಿರಲಿ. ಮಂಜು ಕರಗಿದ ಮೇಲೆ ಇಬ್ಬರೂ ಬನ್ನಿ, ಹಬೆಸ್ನಾನಕ್ಕೆ ಸೌನಾ ಕಾಯಿಸಿಡುತ್ತೇನೆ.

ನಿನ್ನ,
ಐಲಿ ಕೊಸ್ಕೆಲಾ

ತಾ.ಕ.: ಆ ದಿನ ಸಮಿತಿಯೆದುರು ನೀನು ಇನ್ನೊಂದು ಮಾತು ಆಡಬಹುದಿತ್ತು. ಆಡಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. 1974ರಲ್ಲಿ ನನ್ನ ಮೂರನೇ ತರಗತಿಯಲ್ಲಿ ನೀನು ಕಿಟಕಿ ಪಕ್ಕ ಕೂರುತ್ತಿದ್ದೆ. ಪಕ್ಕದವಳು ಓದಿದ್ದನ್ನು ಕೇಳಿಸಿಕೊಂಡು ಹಾಗೆಯೇ ಒಪ್ಪಿಸುತ್ತಿದ್ದೆ. ನಿನಗೆ ಓದಲು ಬಾರದೆಂದು ನನಗೆ ಗೊತ್ತಿತ್ತು. "ಒಳ್ಳೆಯ ಹುಡುಗಿ, ಗಲಾಟೆಯಿಲ್ಲ" ಎಂದು ಬರೆದು ನಾಲ್ಕನೆಯದಕ್ಕೆ ದಾಟಿಸಿದೆ. ಬಸ್ಸಿನ ಲೈಸೆನ್ಸಿಗಾಗಿ ನೀನು ಇಪ್ಪತ್ತಾರನೇ ವಯಸ್ಸಿನಲ್ಲಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಓದು ಕಲಿತೆಯೆಂದು ಗೋರ್ಡನ್ ಹಿಂದೊಮ್ಮೆ ಹೇಳಿದ್ದ. ನಾನು ಕೇಳಿಸಿಕೊಂಡು ಮಾತು ಬದಲಿಸಿದ್ದೆ. ನೀನು ಇವತ್ತಿಗೂ ನನ್ನನ್ನು ಟೀಚರ್ ಎಂದೇ ಕರೆಯುತ್ತೀಯೆ.